ಇನ್ನೊಂದೇ ಒಂದು ಫೈಟ್

ಸಕಲೇಶಪುರ ತಾಲ್ಲೂಕಿನ ಓದುಗರೊಬ್ಬರು ಬರೆದಿದ್ದಾರೆ (ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ): "ಸರ್, ನನ್ನ ತಮ್ಮ ಸ್ಪೋರ್ಟ್ಸ್ ಹಾಸ್ಟೆಲ್‌ನಲ್ಲಿ ಓದಿ, ಬೆಂಗಳೂರಿಗೆ ಹೋಗಿ ಪ್ರೊಫೆಷನಲ್ ಬಾಕ್ಸರ್ ಆದ. ಈಗ 34 ವರ್ಷ. ಕೊನೆಯ ಎರಡು ಫೈಟ್ ಸೋತು ಊರಿಗೆ ಬಂದು ಕೂತಿದ್ದಾನೆ. ತೋಟದ ಕೆಲಸಕ್ಕೆ ಮನಸ್ಸಿಲ್ಲ. ಯಾರೋ ಫೈಟ್ ಏರ್ಪಡಿಸೋ ಪ್ರಮೋಟರ್ ಫೋನ್ ಮಾಡ್ತಾನೇ ಇರ್ತಾರೆ. ಇನ್ನೊಂದೇ ಒಂದು ಫೈಟ್ ಮಾಡಿ ನಿಲ್ಲಿಸ್ತೀನಿ ಅಂತಾನೆ. ಜಾರ್ಜ್ ಫೋರ್ಮನ್ 45ಕ್ಕೆ ಚಾಂಪಿಯನ್ ಆಗಲಿಲ್ವಾ ಅಂತ ನಮಗೇ ಕೇಳ್ತಾನೆ. ನಮ್ಮ ಯಜಮಾನ್ರು ಅದೆಲ್ಲ ಬಿಟ್ಟು ತೋಟ ನೋಡಿಕೊಂಡು ಇರಲಿ ಅಂತಾರೆ. ಬಾಕ್ಸಿಂಗ್ ಬಿಟ್ಟವರು ಆಮೇಲೆ ಏನು ಮಾಡ್ತಾರೆ ಸರ್? ನಾವೇನು ಮಾಡಬೇಕು?"

ಅಕ್ಕ, ನಮಸ್ಕಾರ.

ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣ ಆಮೇಲೆ. ಆ ಫೈಟ್ ಬೇಡ. ನಿಮ್ಮ ತಮ್ಮ ಸೋಲುತ್ತಾನೆ ಅಂತಲ್ಲ, ಗೆದ್ದರೂ ಬೇಡ. ಗೆದ್ದರೆ ನಿಮಗೆ ಇನ್ನೂ ಕಷ್ಟ, ಯಾಕೆಂದರೆ ಆಗ ಅದು ಕೊನೆಯ ಫೈಟ್ ಆಗಿ ಉಳಿಯುವುದಿಲ್ಲ.

ಬೇರೆ ಕೆಲಸಗಳಿಗೆ ಕೊನೆ ಅಂತ ಒಂದಿದೆ. ಮೇಷ್ಟ್ರಿಗೆ 60 ತುಂಬಿದರೆ ಶಾಲೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, ಒಂದು ಊಟ ಹಾಕಿಸಿ ಕಳಿಸುತ್ತಾರೆ. ಮಾರನೇ ದಿನ ಹೋದರೆ ಹಾಜರಿ ಪುಸ್ತಕದಲ್ಲಿ ಹೆಸರಿರುವುದಿಲ್ಲ. ಪ್ರೊಫೆಷನಲ್ ಬಾಕ್ಸರ್‌ಗೆ ಸಂಬಳ ಕೊಡುವ ಯಜಮಾನನೇ ಇಲ್ಲ. ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ, ರಿಟೈರ್ ಆಗುವ ತಾರೀಖೂ ಇಲ್ಲ. ಫೈಟ್ ಇದ್ದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಬಂದ ದುಡ್ಡಾದರೂ ಪೂರ್ತಿ ಕೈಗೆ ಬರುತ್ತಾ? ಮ್ಯಾನೇಜರ್‌ಗೆ ಮೂರರಲ್ಲಿ ಒಂದು ಪಾಲು, ಕೋಚ್‌ಗೆ ನೂರಕ್ಕೆ ಹತ್ತು ಅನ್ನುವುದು ಅಮೆರಿಕದ ಹಳೇ ಪದ್ಧತಿ. ಉಳಿದದ್ದರಲ್ಲಿ ಟ್ಯಾಕ್ಸು, ಓಡಾಟ, ಊಟ, ಡಾಕ್ಟರು.

ಈಗ ಆ ಫೋನಿನ ವಿಷಯಕ್ಕೆ ಬರೋಣ. ಎರಡು ಸಲ ಸೋತು ಮನೆಯಲ್ಲಿ ಕೂತವನಿಗೆ ಯಾಕೆ ಫೋನ್ ಬರುತ್ತದೆ ಅಂತ ಯೋಚನೆ ಮಾಡಿದ್ದೀರಾ? ಪ್ರಮೋಟರ್ ಹತ್ತಿರ ಒಬ್ಬ ಹೊಸ ಹುಡುಗ ಇರುತ್ತಾನೆ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸು. ಅವನನ್ನು ಮೇಲೆ ತರಬೇಕು, ಅವನ ರೆಕಾರ್ಡಿಗೆ ಗೆಲುವುಗಳು ಬೇಕು. ಯಾರೋ ಹೆಸರಿಲ್ಲದವನನ್ನು ಹೊಡೆದರೆ ತೂಕ ಬರುವುದಿಲ್ಲ. ಹೆಸರಿದ್ದು, ನಾಲ್ಕೈದು ರೌಂಡ್ ನಿಲ್ಲಬಲ್ಲ, ಆದರೆ ಕೈ ಕಾಲು ಸ್ವಲ್ಪ ನಿಧಾನವಾಗಿರುವವನು ಸಿಕ್ಕರೆ ತುಂಬಾ ಅನುಕೂಲ. ಎಲ್ಲ ದೇಶದಲ್ಲೂ ಈ ಧಂದೆ ನಡೆಯುವುದೇ ಹೀಗೆ. ಪ್ರಮೋಟರ್ ಕೆಟ್ಟವನು ಅಂತ ನಾನು ಹೇಳುತ್ತಿಲ್ಲ, ಅವನು ಅವನ ವ್ಯಾಪಾರ ನೋಡಿಕೊಳ್ಳುತ್ತಾನೆ. ಆದರೆ ನಿಮ್ಮ ತಮ್ಮನ ಕಡೆಯಿಂದ ವ್ಯಾಪಾರ ನೋಡುವವರು ಯಾರೂ ಇಲ್ಲವಲ್ಲ, ಅದೇ ತೊಂದರೆ.

ದೊಡ್ಡವರ ಕಥೆಯೂ ಬೇರೆಯೇನಲ್ಲ. ಜೋ ಲೂಯಿಸ್ 1937ರಿಂದ 1949ರ ತನಕ ಹೆವಿವೇಟ್ ಚಾಂಪಿಯನ್ ಆಗಿದ್ದವರು. 1942ರಲ್ಲಿ, ಯುದ್ಧದ ಕಾಲ, ಎರಡು ಫೈಟಿನ ದುಡ್ಡನ್ನು ಸೇನೆಯ ಪರಿಹಾರ ನಿಧಿಗಳಿಗೆ ಕೊಟ್ಟರು. ರಿಟೈರ್ ಆದ ಹೊತ್ತಿಗೆ ತೆರಿಗೆ ಬಾಕಿ ಬಡ್ಡಿ ಸಮೇತ ಬೆಳೆದು ನಿಂತಿತ್ತು. ಅದನ್ನು ತೀರಿಸಲು 1950ರಲ್ಲಿ ಮತ್ತೆ ರಿಂಗಿಗೆ ಇಳಿದು ಎಜಾರ್ಡ್ ಚಾರ್ಲ್ಸ್ ಕೈಲಿ ಸೋತರು. ಮರುವರ್ಷ ರಾಕಿ ಮಾರ್ಸಿಯಾನೊ ಎಂಟನೇ ರೌಂಡಿನಲ್ಲಿ ಕೆಡವಿದರು. ಆಮೇಲೆ ದುಡ್ಡಿಗಾಗಿ ಕುಸ್ತಿಯ ಶೋಗಳು. ಕೊನೆಗೆ ಲಾಸ್ ವೇಗಸ್‌ನ ಸೀಸರ್ಸ್ ಪ್ಯಾಲೇಸ್ ಕ್ಯಾಸಿನೊದಲ್ಲಿ ಬಂದವರ ಕೈ ಕುಲುಕಿ ಸ್ವಾಗತ ಮಾಡುವ ಕೆಲಸ.

ಮುಹಮ್ಮದ್ ಅಲಿ ವಿಷಯ ಓದಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. 1977ರಲ್ಲಿ ಎರ್ನಿ ಶೇವರ್ಸ್ ಜೊತೆಗಿನ ಫೈಟ್ ಆದ ಮೇಲೆ ಅವರ ಡಾಕ್ಟರ್ ಫರ್ಡಿ ಪಚೇಕೊ ಇನ್ನು ಸಾಕು ಅಂದರು, ಯಾರೂ ಕೇಳದೆ ಇದ್ದಾಗ ತಾವೇ ಬಿಟ್ಟು ಹೊರಟರು. 1980ರಲ್ಲಿ ಲ್ಯಾರಿ ಹೋಮ್ಸ್ ಜೊತೆ ಫೈಟ್‌ಗೆ ಮೊದಲು ಮೇಯೊ ಕ್ಲಿನಿಕ್‌ನಲ್ಲಿ ಪರೀಕ್ಷೆ ಮಾಡಿದಾಗ ಒಂಟಿ ಕಾಲಲ್ಲಿ ಕುಪ್ಪಳಿಸುವುದೇ ಅವರಿಗೆ ಸರಿಯಾಗಿ ಆಗುತ್ತಿರಲಿಲ್ಲ. ಆದರೂ ಲೈಸೆನ್ಸ್ ಸಿಕ್ಕಿತು. ಹತ್ತು ರೌಂಡ್ ಏಟು ತಿಂದರು. ಹನ್ನೊಂದನೇ ರೌಂಡಿಗೆ ಕಳಿಸುವುದಿಲ್ಲ ಅಂತ ಕೋಚ್ ಆಂಜೆಲೊ ಡಂಡಿ ನಿಲ್ಲಿಸಿದರು. ಅಷ್ಟಾದರೂ ಮುಗಿಯಲಿಲ್ಲ ನೋಡಿ. 1981ರ ಡಿಸೆಂಬರ್‌ನಲ್ಲಿ ಬಹಾಮಾಸ್‌ಗೆ ಹೋಗಿ ಟ್ರೆವರ್ ಬರ್ಬಿಕ್ ಜೊತೆ ಇನ್ನೊಂದು ಫೈಟ್, ಇನ್ನೊಂದು ಸೋಲು. 1984ರಲ್ಲಿ ಪಾರ್ಕಿನ್ಸನ್ ಕಾಯಿಲೆ ಅಂತ ಗೊತ್ತಾಯಿತು. ಅದರಲ್ಲಿ ಬಾಕ್ಸಿಂಗಿನ ಪಾಲು ಎಷ್ಟು ಅಂತ ಡಾಕ್ಟರುಗಳು ವಾದ ಮಾಡುತ್ತಾರೆ, ಮಾಡಲಿ. 38 ವರ್ಷದ ಆ ಮನುಷ್ಯನನ್ನು ರಿಂಗಿಗೆ ಕಳಿಸಿದವರಿಗೆ ಕಣ್ಣಿತ್ತು, ವರದಿಯೂ ಕೈಯಲ್ಲಿತ್ತು.

ಇನ್ನು ನಿಮ್ಮ ತಮ್ಮನ ಫೋರ್ಮನ್. ಈ ಹೆಸರು ಹೇಳದ ಹಳೇ ಬಾಕ್ಸರ್ ಇಲ್ಲ! ಹೌದು, 1994ರ ನವೆಂಬರ್‌ನಲ್ಲಿ ಮೈಕಲ್ ಮೂರರ್‌ನನ್ನು ನಾಕೌಟ್ ಮಾಡಿ 45ನೇ ವಯಸ್ಸಿಗೆ ಚಾಂಪಿಯನ್ ಆದರು. ಆದರೆ ಮಧ್ಯದಲ್ಲಿ ಏನಾಯಿತು ಅಂತ ಅವನಿಗೆ ಕೇಳಿ. 1977ರಲ್ಲಿ ಸೋತ ಮೇಲೆ ಅವರು ಹತ್ತು ವರ್ಷ ರಿಂಗಿನ ಕಡೆ ತಿರುಗಿ ನೋಡಲಿಲ್ಲ. ಹ್ಯೂಸ್ಟನ್‌ನಲ್ಲಿ ಚರ್ಚಿನ ಪಾದ್ರಿಯಾದರು, ಹುಡುಗರಿಗಾಗಿ ಒಂದು ಯುವ ಕೇಂದ್ರ ತೆರೆದರು. 1987ರಲ್ಲಿ ವಾಪಸ್ ಬಂದಾಗ ಆ ಕೇಂದ್ರ ನಡೆಸಲು ದುಡ್ಡು ಬೇಕಿತ್ತು. ಅಂದರೆ ಬಾಕ್ಸಿಂಗ್ ಇಲ್ಲದೆಯೂ ಅವರಿಗೆ ಬೆಳಗ್ಗೆ ಎದ್ದು ಹೋಗಲು ಒಂದು ಜಾಗ ಇತ್ತು, ಹತ್ತು ವರ್ಷ ತಲೆಗೆ ಏಟೂ ಬಿದ್ದಿರಲಿಲ್ಲ. ಆಮೇಲಿನ ವರ್ಷಗಳಲ್ಲಿ ಅವರಿಗೆ ಬಾಕ್ಸಿಂಗಿಗಿಂತ ಜಾಸ್ತಿ ದುಡ್ಡು ತಂದದ್ದು ಅವರ ಹೆಸರಿನ ಗ್ರಿಲ್ ಒಲೆ. 1999ರಲ್ಲಿ ಆ ಹೆಸರನ್ನು ಕಂಪನಿಗೆ ಮಾರಿದ್ದು 13 ಕೋಟಿ 75 ಲಕ್ಷ ಡಾಲರಿಗೆ.

ನಿಮ್ಮ ತಮ್ಮ ಕೇಳಬೇಕಾದ ಹೆಸರು ಮಾರ್ವಿನ್ ಹ್ಯಾಗ್ಲರ್ ಅಂತ ನನಗನಿಸುತ್ತದೆ. 1987ರಲ್ಲಿ ಶುಗರ್ ರೇ ಲೆನಾರ್ಡ್ ಮೇಲೆ ಸೋತರು, ಅದು ಸೋಲೇ ಅಲ್ಲ ಅಂತ ಇವತ್ತಿಗೂ ಜಗಳ ಆಡುವವರಿದ್ದಾರೆ. ಹ್ಯಾಗ್ಲರ್ ಮರುವರ್ಷ ನಿವೃತ್ತಿ ಹೇಳಿ ಇಟಲಿಗೆ ಹೋಗಿ ಸಿನಿಮಾದಲ್ಲಿ ನಟಿಸಿದರು. ಮತ್ತೆ ರಿಂಗಿಗೆ ಕಾಲಿಡಲಿಲ್ಲ. ಅವತ್ತು ಗೆದ್ದ ಲೆನಾರ್ಡ್ ಬಿಡುವುದು, ಬರುವುದು ಮಾಡುತ್ತಾ 1997ರಲ್ಲಿ 40 ವರ್ಷಕ್ಕೆ ಹೆಕ್ಟರ್ ಕಮಾಚೊ ಕೈಲಿ ಐದನೇ ರೌಂಡಿನಲ್ಲಿ ಸೋತು ಹೋದರು. ಮಾರ್ಸಿಯಾನೊಗೂ ಆಸೆ ಹುಟ್ಟಿತ್ತು. 49 ಫೈಟ್, 49 ಗೆಲುವು, 1956ರಲ್ಲಿ ನಿವೃತ್ತಿ. 1959ರಲ್ಲಿ ವಾಪಸ್ ಬರೋಣ ಅಂತ ಗುಟ್ಟಾಗಿ ಒಂದು ತಿಂಗಳು ತರಬೇತಿ ಮಾಡಿ, ಆಗಲ್ಲ ಅಂತ ಸುಮ್ನೆ ಬಿಟ್ಟರು.

ನಮ್ಮಲ್ಲಿ ಸೈನ್ಯ, ಪೊಲೀಸ್, ರೈಲ್ವೆ ಕೆಲಸ ಸಿಕ್ಕಿದ ಬಾಕ್ಸರ್ ಬಚಾವ್ ಅಂತ ಮಾತಿದೆ. ಅದೂ ಪೂರ್ತಿ ನಿಜ ಅಲ್ಲ. ಸೈನ್ಯದಲ್ಲಿದ್ದ ಕೌರ್ ಸಿಂಗ್ 1980ರಲ್ಲಿ ದೆಹಲಿಯಲ್ಲಿ ಅಲಿ ಜೊತೆಗೇ ಪ್ರದರ್ಶನ ಫೈಟ್ ಆಡಿದವರು, 1982ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದವರು, ಪದ್ಮಶ್ರೀ. ವಯಸ್ಸಾದ ಮೇಲೆ ಹೃದಯದ ಚಿಕಿತ್ಸೆಗೆ ಖಾಸಗಿಯವರ ಹತ್ತಿರ ಸಾಲ ಮಾಡಬೇಕಾಯಿತು. ಅದು 2017ರಲ್ಲಿ ಪೇಪರಿನಲ್ಲಿ ಬಂದ ಮೇಲೆಯೇ ಸಹಾಯ ಬಂದದ್ದು. 2023ರಲ್ಲಿ ತೀರಿಕೊಂಡರು. ಪದಕ ಗೆದ್ದವರ ಪಾಡು ಹೀಗಾದರೆ ಪ್ರೊಫೆಷನಲ್ ಬೆಲ್ಟ್ ಗೆದ್ದವರದ್ದು ಕೇಳಬೇಡಿ. ಕೇಂದ್ರ ಸರ್ಕಾರದ ಕ್ರೀಡಾ ಪಿಂಚಣಿ ಇರುವುದು ಒಲಿಂಪಿಕ್ಸ್, ಏಷ್ಯನ್ ಗೇಮ್ಸ್, ಕಾಮನ್‌ವೆಲ್ತ್, ವಿಶ್ವ ಚಾಂಪಿಯನ್‌ಶಿಪ್ ಇಂಥವುಗಳ ಪದಕಕ್ಕೆ. ಪ್ರೊಫೆಷನಲ್ ಫೈಟ್‌ಗಳು ಆ ಲೆಕ್ಕಕ್ಕೆ ಬರುವುದಿಲ್ಲ. ಅಮೆರಿಕದಲ್ಲೂ ಕ್ಯಾಲಿಫೋರ್ನಿಯಾ ಒಂದು ರಾಜ್ಯದಲ್ಲಿ ಮಾತ್ರ 1982ರಿಂದ ಬಾಕ್ಸರ್‌ಗಳಿಗೆ ಪಿಂಚಣಿ ನಿಧಿ ಇದೆ. ಟಿಕೆಟ್ ಮೇಲೆ ಸಣ್ಣ ಮೊತ್ತ ಹಿಡಿದು ಕೂಡಿಡುತ್ತಾರೆ, ಅಲ್ಲಿ 75 ರೌಂಡ್ ಆಡಿದವರಿಗೆ 50 ವರ್ಷವಾದ ಮೇಲೆ ಕೊಡುತ್ತಾರೆ. ತಮಾಷೆ ಅಂದರೆ, ದುಡ್ಡು ಬರಬೇಕಾದ ಹಳೇ ಬಾಕ್ಸರ್‌ಗಳು ಎಷ್ಟೋ ಜನಕ್ಕೆ ಹಾಗೊಂದು ನಿಧಿ ಇದೆ ಅಂತಲೇ ಗೊತ್ತಿಲ್ಲ, ನಿಧಿಯವರೇ ಹುಡುಕಿಕೊಂಡು ಹೋಗಿ ಕೊಡಬೇಕು.

ಈಗ ನಿಮ್ಮ ಪತ್ರದಲ್ಲಿ ನಾನು ಮೇಲೆ ಹಾಕದೆ ಬಿಟ್ಟ ಭಾಗ. ಬೆಳಗ್ಗೆ ನಾಲ್ಕೂವರೆಗೇ ಎದ್ದು, ಕಾಫಿ ಹೊಟ್ಟು ತುಂಬಿದ ಗೋಣಿಚೀಲವನ್ನು ಸಿಲ್ವರ್ ಮರಕ್ಕೆ ತೂಗುಹಾಕಿ, ಕೈಗೆ ಪಟ್ಟಿ ಸುತ್ತಿಕೊಂಡು ಗುದ್ದುತ್ತಾನೆ ಅಂತ ಬರೆದಿದ್ದೀರಿ. ಹೆಬ್ಬೆರಳಿಗೆ ಕುಣಿಕೆ, ಮಣಿಕಟ್ಟಿಗೆ ಸುತ್ತು, ಗೆಣ್ಣಿನ ಮೇಲೆ ಸುತ್ತು, ಬೆರಳ ಸಂದಿಯಲ್ಲಿ ಒಂದೊಂದು ಎಳೆ, ಎಲ್ಲೂ ತಪ್ಪಲ್ಲ ಅಂತಲೂ ಬರೆದಿದ್ದೀರಿ. ಅದರ ಕೆಳಗೇ, ಹೋಗುವ ಮಾತಿನ ಹಾಗೆ, ಪಂಪ್‌ಸೆಟ್ ಆಫ್ ಮಾಡಿದೆಯಾ ಅಂದರೆ ನೆನಪಿಲ್ಲ ಅಂತಾನೆ, ಕೇಳಿದ್ದನ್ನೇ ಮತ್ತೆ ಕೇಳ್ತಾನೆ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗ್ತಾನೆ ಅಂತ ಇದೆ. ಅಕ್ಕ, ಪತ್ರದಲ್ಲಿ ಮುಖ್ಯವಾದ ಸಾಲು ಇದು. ತೋಟದ ಕೆಲಸಕ್ಕೆ ಮನಸ್ಸಿಲ್ಲ ಅನ್ನುವುದು ಆಮೇಲಿನ ಮಾತು.

ತಲೆಗೆ ಏಟು ತಿಂದ ಬಾಕ್ಸರ್‌ಗಳ ನಡಿಗೆ, ಮಾತು, ನೆನಪು ಕೆಡುತ್ತದೆ ಅಂತ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಅನ್ನುವ ಅಮೆರಿಕದ ಡಾಕ್ಟರ್ 1928ರಲ್ಲೇ ಬರೆದರು. ಈಗ ಅದನ್ನು ಸಿಟಿಇ ಅನ್ನುತ್ತಾರೆ. ನಾಕೌಟ್ ಆದರೆ ಮಾತ್ರ ಬರುವುದಲ್ಲ, ವರ್ಷಗಟ್ಟಲೆ ಸ್ಪಾರಿಂಗಿನಲ್ಲಿ, ಅಂದರೆ ಅಭ್ಯಾಸದ ಫೈಟಿನಲ್ಲಿ, ಬೀಳುವ ಸಣ್ಣ ಸಣ್ಣ ಏಟುಗಳೂ ಸೇರಿಕೊಳ್ಳುತ್ತವೆ. ಬದುಕಿರುವಾಗ ಸ್ಕ್ಯಾನ್‌ನಲ್ಲಿ ಇದೇ ಅಂತ ಖಚಿತವಾಗಿ ಹೇಳಲು ಆಗುವುದಿಲ್ಲ. ಹೆದರಿಸಲು ಬರೆಯುತ್ತಿಲ್ಲ. ನಿದ್ದೆ ಕೆಟ್ಟರೂ, ಕುಡಿತ ಇದ್ದರೂ, ಮನಸ್ಸು ಕುಗ್ಗಿದ್ದರೂ ಮರೆವು, ಸಿಡುಕು ಬರುತ್ತವೆ, ಅವಕ್ಕೆಲ್ಲ ಔಷಧಿ ಇದೆ. ಯಾವುದು ಅಂತ ಹೇಳಬೇಕಾದವರು ಡಾಕ್ಟರು, ನಾನೂ ಅಲ್ಲ, ಪ್ರಮೋಟರೂ ಅಲ್ಲ. ಹಾಸನದಲ್ಲಿ ಒಬ್ಬ ನರರೋಗದ ಡಾಕ್ಟರಿಗೆ ತೋರಿಸಿ, ಅವರು ಹೇಳಿದರೆ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋಗಿ. ನೀವೂ ಜೊತೆಗೆ ಒಳಗೆ ಹೋಗಬೇಕು. ಇವನೊಬ್ಬನೇ ಹೋದರೆ ಏನೂ ಇಲ್ಲ, ಚೆನ್ನಾಗಿದ್ದೀನಿ ಅಂದು ಬರುತ್ತಾನೆ, ಜೀವನವೆಲ್ಲ ನೋವು ತೋರಿಸಬೇಡ ಅಂತಲೇ ಕಲಿತವನು. ಎಷ್ಟು ಫೈಟ್, ಎಷ್ಟು ಸಲ ಬಿದ್ದ, ಎಷ್ಟು ವರ್ಷ ಸ್ಪಾರಿಂಗ್ ಮಾಡಿದ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ.

ಚೀಲಕ್ಕೆ ಗುದ್ದುವುದನ್ನು ಮಾತ್ರ ನೀವಾಗಿ ಬಿಡಿಸಬೇಡಿ. ಡಾಕ್ಟರ್ ಬೇಡ ಅನ್ನುವ ತನಕ ಗುದ್ದಲಿ. ಚೀಲ ತಿರುಗಿ ಹೊಡೆಯುವುದಿಲ್ಲ.

ಮನಸ್ಸಿನ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಇಂಗ್ಲೆಂಡಿನ ರಿಕಿ ಹ್ಯಾಟನ್ 2009ರಲ್ಲಿ ಪ್ಯಾಕಿಯಾವೊ ಕೈಲಿ ಸೋತ ಮೇಲೆ ಖಿನ್ನತೆ, ಕುಡಿತದಲ್ಲಿ ಬಿದ್ದೆ ಅಂತ ಎಲ್ಲರೆದುರು ಹೇಳಿಕೊಂಡವರು. 2012ರಲ್ಲಿ ವಾಪಸ್ ಬಂದು ಮತ್ತೆ ಸೋತರು. 2025ರಲ್ಲಿ 46 ವರ್ಷಕ್ಕೆ ತೀರಿಕೊಂಡಾಗಲೂ ಇನ್ನೊಂದು ಫೈಟ್ ನಿಗದಿಯಾಗಿತ್ತು. ನಿಮ್ಮ ತಮ್ಮ ಬದುಕು ಬೇಡ ಅನ್ನುವ ಧಾಟಿಯಲ್ಲಿ ಒಂದು ಮಾತಾಡಿದರೂ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ನಿಮ್ಮ ಯಜಮಾನರಿಗೂ ಒಂದು ಮಾತು. ಕಾಫಿಗೆ ರೇಟು ಬಂದಿದೆ, ತೋಟ ನೋಡಿಕೊಂಡು ಇರಲಿ ಅನ್ನುವುದು ಸರಿಯೇ. ಆದರೆ ಭಾವನ ತೋಟದಲ್ಲಿ ಭಾವ ಹೇಳಿದ ಕೆಲಸ ಮಾಡುವುದು, ಒಂದು ಕಾಲದಲ್ಲಿ ಹೆಸರು ಕೂಗಿಸಿಕೊಂಡು ರಿಂಗಿಗೆ ಹತ್ತಿದವನಿಗೆ ಕಷ್ಟ. ಅವನದ್ದೇ ಅಂತ ಒಂದು ಕೆಲಸ ಬೇಕು. ರೆಸಾರ್ಟ್‌ಗಳಲ್ಲಿ, ಪಬ್‌ಗಳಲ್ಲಿ ಬೌನ್ಸರ್ ಕೆಲಸಕ್ಕೆ ಕರೆಯುವವರು ಇರುತ್ತಾರೆ, ಅದು ಬೇಡ. ರಾತ್ರಿ ಒಂದು ಗಂಟೆಗೆ ಕುಡಿದವರ ಜೊತೆ ಕೈ ಕೈ ಮಿಲಾಯಿಸಿದರೆ ಏಟು ಮತ್ತೆ ತಲೆಗೇ. ಹೇಳಿಕೊಡುವ ಕೆಲಸ ನೋಡಿ. ಹಾಸನದ ಸ್ಟೇಡಿಯಂನಲ್ಲಿ ಬೆಳಗ್ಗೆ ಹೋದರೆ ಸೈನ್ಯಕ್ಕೆ, ಪೊಲೀಸಿಗೆ ಸೇರಬೇಕು ಅಂತ ಹುಡುಗ ಹುಡುಗಿಯರು ಓಡುತ್ತಿರುತ್ತಾರೆ. ಅವರಿಗೆ ಮೈ ಪಳಗಿಸುವುದು ಹೇಗೆ ಅಂತ ನಿಮ್ಮ ತಮ್ಮನಿಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ ಸಿಗುತ್ತಾರೆ? ಸಂಬಳದ ಕೋಚ್ ಆಗಬೇಕಾದರೆ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ, ಅಂದರೆ ಎನ್‌ಐಎಸ್ ಸರ್ಟಿಫಿಕೇಟ್ ಕೇಳುತ್ತಾರೆ. ಅಲ್ಲಿ ಆರು ವಾರದ ಕೋರ್ಸೂ ಇದೆ, ದೊಡ್ಡ ಡಿಪ್ಲೊಮಾವೂ ಇದೆ. ಸಂಬಳ ಮೊದಮೊದಲು ಜಾಸ್ತಿ ಇರುವುದಿಲ್ಲ, ಕಾಂಟ್ರಾಕ್ಟ್ ಮೇಲೆ ಇಟ್ಟುಕೊಳ್ಳುತ್ತಾರೆ, ಅದು ಗೊತ್ತಿದ್ದೇ ಹೋಗಲಿ. 1966 ಮತ್ತು 1970ರ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಹವಾ ಸಿಂಗ್ ಹರಿಯಾಣದ ಭಿವಾನಿಯಲ್ಲಿ ಹೀಗೇ ಹುಡುಗರಿಗೆ ಕಲಿಸುತ್ತಾ ಕೂತರು. 2008ರಲ್ಲಿ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ತಂದ ವಿಜೇಂದರ್ ಬಂದದ್ದು ಆ ಊರಿನ ಕಡೆಯಿಂದಲೇ.

ಇನ್ನೊಂದು ದಾರಿ ಇದೆ. ನಿವೃತ್ತ ಕ್ರೀಡಾಪಟುಗಳಿಗಾಗಿ ಕೇಂದ್ರ ಸರ್ಕಾರ 2024ರ ಆಗಸ್ಟ್‌ನಲ್ಲಿ ರೀಸೆಟ್ ಅನ್ನುವ ತರಬೇತಿ ಶುರು ಮಾಡಿದೆ, 20ರಿಂದ 50 ವರ್ಷದೊಳಗಿನವರಿಗೆ, ಅರ್ಜಿ ಆನ್‌ಲೈನಿನಲ್ಲಿ. ರಾಜ್ಯಮಟ್ಟದಲ್ಲಿ ಆಡಿದವರೂ ಹಾಕಬಹುದು. ನಮ್ಮ ರಾಜ್ಯದಲ್ಲಿ ಮಾಜಿ ಕುಸ್ತಿ ಪೈಲ್ವಾನರಿಗೆ ಕ್ರೀಡಾ ಇಲಾಖೆ ಮಾಸಾಶನ ಕೊಡುತ್ತದೆ. ಬಾಕ್ಸರ್‌ಗಳಿಗೆ ಏನೇನಿದೆ ಅಂತ ಜಿಲ್ಲಾ ಕಚೇರಿಗೇ ಹೋಗಿ ಕೇಳಿ, ಫೋನಿನಲ್ಲಿ ಕೇಳಿದರೆ ಉತ್ತರ ಸಿಗುವುದು ಅಷ್ಟಕ್ಕಷ್ಟೇ. ಎಲ್ಲ ಕಡೆಯೂ ಕೇಳುವುದು ಅವನು ಹಾಸ್ಟೆಲ್‌ನಲ್ಲಿದ್ದಾಗ ಗೆದ್ದ ಅಮೆಚೂರ್ (ದುಡ್ಡಿಗಲ್ಲದೆ ಪದಕಕ್ಕೆ ಆಡುವ ಬಾಕ್ಸಿಂಗಿನ) ಸರ್ಟಿಫಿಕೇಟುಗಳನ್ನು. ಪ್ರೊಫೆಷನಲ್ ಬೆಲ್ಟ್ ಗೋಡೆ ಮೇಲೆ ಇರಲಿ, ಆ ಸರ್ಟಿಫಿಕೇಟುಗಳು ಟ್ರಂಕಿನಲ್ಲಿ ಎಲ್ಲಿವೆ ಅಂತ ಇವತ್ತೇ ಹುಡುಕಿ. ಗೆದ್ದಲು ಹಿಡಿಯುವ ಮೊದಲು ಎರಡು ಸೆಟ್ ಜೆರಾಕ್ಸ್ ಮಾಡಿಸಿಡಿ.

— ಸಂಪಾದಕ