ಜರ್ಮನಿಗೆ ಬಂದು ಮೂರು ತಿಂಗಳಾಯಿತು. ಊರಿನ ನೆನಪು ಬಿಡುತ್ತಿಲ್ಲ. ಬಂದದ್ದೇ ತಪ್ಪಾಯಿತೇ?

ಸೆಪ್ಟೆಂಬರಿನಲ್ಲಿ ಮ್ಯೂನಿಕ್‌ಗೆ ಬಂದ ನೀವು ಡಿಸೆಂಬರಿನಲ್ಲಿ ಇದನ್ನು ಕೇಳುತ್ತಿರುವುದು ನನಗೆ ಆಶ್ಚರ್ಯವೆನಿಸಲಿಲ್ಲ. ಅಲ್ಲೀಗ ಹಗಲು ಎಂಟೂವರೆ ಗಂಟೆಗೂ ಕಡಿಮೆ, ಸಂಜೆ 4.30ರೊಳಗೆ ಸೂರ್ಯ ಮುಳುಗುತ್ತಾನೆ, ಭಾನುವಾರ ಅಂಗಡಿಗಳೂ ಬಹುಪಾಲು ಮುಚ್ಚಿರುತ್ತವೆ, ಕೆಲಸ ಮುಗಿಸಿ 6.30ಕ್ಕೆ ನೀವು ಮನೆ ಸೇರುವಾಗ ಊರಿನಲ್ಲಿ ರಾತ್ರಿ 11 ಗಂಟೆಯಾಗಿ ಮನೆಯವರು ಮಲಗಿರುತ್ತಾರೆ.

ನಾನೂ ಮೊದಲ ಚಳಿಗಾಲದಲ್ಲಿ ನನ್ನ ಮನೆಯವರ ನಿದ್ದೆ ಕೆಡಿಸಿ ಫೋನ್ ಮಾಡಿ, ‘ಎಲ್ಲ ಚೆನ್ನಾಗಿದೆ’ ಎಂದು ಸುಳ್ಳು ಹೇಳಿ, ಇನ್ನಷ್ಟು ಕುಗ್ಗುತ್ತಿದ್ದೆ. ಆಮೇಲೆ ಕರೆಯನ್ನು ಬೆಳಿಗ್ಗೆ 7ಕ್ಕೆ ಬದಲಾಯಿಸಿಕೊಂಡೆ. ಊರಿನಲ್ಲಿ ಆಗ 11.30; ಅಮ್ಮ ಫೋನನ್ನು ಅಡುಗೆಕಟ್ಟೆಯ ಮೇಲೆ ಒರಗಿಸಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದರು, ವಿಶೇಷವೇನೂ ಮಾತನಾಡುತ್ತಿರಲಿಲ್ಲ, ಸಾಸಿವೆ ಸಿಡಿಯುವುದು ಮಾತ್ರ ಕೇಳುತ್ತಿತ್ತು. ನನಗೆ ಅಷ್ಟು ಸಾಕಾಗುತ್ತಿತ್ತು.

ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಹೊರಗೆ ನಡೆಯಿರಿ. ಕಚೇರಿಯಲ್ಲಿ ಇಂಗ್ಲಿಷ್ ಸಾಕೆನಿಸಿದರೂ ಸಂಜೆಯ ಜರ್ಮನ್ ತರಗತಿಗೆ ಸೇರಿಕೊಳ್ಳಿ. ಬೇಕರಿಯವಳೊಡನೆ ಎರಡು ಮಾತಾಡಲು ಬಂದ ದಿನವೇ ಪರಕೀಯತೆ ಒಂದಿಷ್ಟು ಸಡಿಲವಾಗುತ್ತದೆ. ಮರಳುವ ತೀರ್ಮಾನವನ್ನು ಮೇ ತಿಂಗಳವರೆಗೆ ಮುಂದೂಡಿ, ಆಗಲೂ ಮನಸ್ಸು ಒಪ್ಪದಿದ್ದರೆ ನಾಚಿಕೆಯಿಲ್ಲದೆ ಹೊರಡಿ. ಆದರೆ ಎರಡು ವಾರ ಮೀರಿ ನಿದ್ದೆ, ಊಟ ಸೇರದಿದ್ದರೆ ಮೇ ತಿಂಗಳಿಗೆ ಕಾಯದೆ ಅಲ್ಲಿನ ಕುಟುಂಬ ವೈದ್ಯರನ್ನು ಕಾಣಿ.