ಉಚಿತವಾಗಿ ಸಿಕ್ಕರೂ ಅಭಿಮಾನಿಗಳ ಅನುವಾದವೇ ಏಕೆ?

ಮಾಂಗಾ, ಅಂದರೆ ಜಪಾನಿ ಕಾಮಿಕ್ಸ್, ಓದಲು ‘ಮಾಂಗಾ ಪ್ಲಸ್’ ಆ್ಯಪ್ ಉಚಿತವಾಗಿ ಸಿಗುವಾಗಲೂ ಗಂಗಾವತಿಯಲ್ಲಿ ಓದುವ ನಿಮ್ಮ ತಮ್ಮ, ಅಭಿಮಾನಿಗಳು ತಾವೇ ಮಾಡಿ ಹಂಚುವ ಇಂಗ್ಲಿಷ್ ಅನುವಾದವನ್ನೇ ಹುಡುಕುವುದೇಕೆ ಎಂದು ಕೇಳಿದ್ದೀರಿ. ಹಣಕ್ಕಿಂತ ಆತುರವೇ ಕಾರಣ ಎನ್ನುತ್ತೇನೆ. ಜಪಾನಿನ ಪ್ರಕಾಶನ ಸಂಸ್ಥೆ ಶುಯೇಷಾ 2019ರಲ್ಲಿ ಆರಂಭಿಸಿದ ಆ ಆ್ಯಪ್‌ನಲ್ಲಿ ಆ ಸಂಸ್ಥೆಯ ಮಾಂಗಾ ವಾರಪತ್ರಿಕೆಯ ಹೊಸ ಅಧ್ಯಾಯ ನಮಗೆ ಸಾಮಾನ್ಯವಾಗಿ ಸಿಗುವುದು ಭಾನುವಾರ ರಾತ್ರಿ ಎಂಟೂವರೆಗೆ. ಜಪಾನಿನಲ್ಲಿ ಆಗ ಸೋಮವಾರ ಹುಟ್ಟುವ ಹೊತ್ತು. ಸೋರಿಕೆಯಾದ ಪ್ರತಿಯಿಂದ ಮಾಡಿದ ಅಭಿಮಾನಿಗಳ ಅನುವಾದ ಅದಕ್ಕೂ ಎರಡು ಮೂರು ದಿನ ಮೊದಲೇ ಓಡಾಡುತ್ತಿರುತ್ತದೆ. ಗೆಳೆಯರೆಲ್ಲ ಶುಕ್ರವಾರವೇ ಓದಿ ಕಥೆ ಬಿಚ್ಚಿಟ್ಟರೆ, ಭಾನುವಾರದವರೆಗೆ ಕಿವಿ ಮುಚ್ಚಿಕೊಂಡಿರಲು ಯಾವ ಹುಡುಗನಿಗೆ ಸಾಧ್ಯ? ಇಂಥ ಸೋರಿಕೆಗಾಗಿ 2024ರಲ್ಲಿ ಜಪಾನಿನ ಕುಮಾಮೊಟೊ ಪೊಲೀಸರು ಇಬ್ಬರನ್ನು ಬಂಧಿಸಿದರು. ಆದರೂ ಚಾಳಿ ನಿಂತಿಲ್ಲ.

ಅಧಿಕೃತ ಇಂಗ್ಲಿಷ್ ಆವೃತ್ತಿಯೇ ಇಲ್ಲದ ಕಥೆಗಳೂ ಬಹಳ. ಅಂಥವನ್ನು ನಾನೂ ಅಭಿಮಾನಿಗಳ ಅನುವಾದದಲ್ಲೇ ಓದುತ್ತೇನೆ, ಸಂಕೋಚವಿಲ್ಲದೆ. ಅಧಿಕೃತವಾಗಿ ಸಿಗುವುದನ್ನು ಕದ್ದು ಓದುವುದು ಮಾತ್ರ ಒಗ್ಗುವುದಿಲ್ಲ. ವಾರವಾರವೂ ಸುಮಾರು ಇಪ್ಪತ್ತು ಪುಟ ಚಿತ್ರ ಬರೆಯುವವರ ಬೆನ್ನು ನೆನಪಾಗುತ್ತದೆ. ಅಚ್ಚಿನ ಸಂಪುಟಗಳ ಮಾತು ಬೇರೆ: ಬಳ್ಳಾರಿಯ ಅಂಗಡಿಗಳಲ್ಲಿ ನಾನು ಕಂಡಿಲ್ಲ, ಆನ್‌ಲೈನ್‌ನಲ್ಲಿ ತರಿಸಿದರೆ ಒಂದಕ್ಕೆ ನಾಲ್ಕೈದು ನೂರು ರೂಪಾಯಿ. ನಿಮ್ಮ ತಮ್ಮ ಯಾವ ಕಥೆ ಓದುತ್ತಿದ್ದಾನೆ ಎಂದು ತಿಳಿಸಿ, ಆ ಆ್ಯಪ್‌ನಲ್ಲಿದೆಯೇ ನೋಡಿ ಹೇಳುತ್ತೇನೆ.