ಡ್ಯಾಶ್‌ಬೋರ್ಡಿನಿಂದ ಕಟಕಟ ಸದ್ದು, ಗ್ಯಾರೇಜಿನಲ್ಲಿ ಸಿಗುತ್ತಿಲ್ಲ. ಹುಡುಕುವುದು ಹೇಗೆ?

ನಿಮ್ಮ ಪ್ರಶ್ನೆ ಓದಿದೆ. ಕಾರಿಗೆ ಆರು ವರ್ಷ, ಬಾಗಲಕೋಟೆಯಿಂದ ವಿಜಯಪುರಕ್ಕೆ ವಾರಕ್ಕೆರಡು ಸಲ ಓಡಾಟ, ಡ್ಯಾಶ್‌ಬೋರ್ಡಿನ ಎಡಗಡೆ ಕಟಕಟ ಸದ್ದು, ಗ್ಯಾರೇಜಿನವರು ಎರಡು ಸಲ ನೋಡಿ ‘ಏನೂ ಇಲ್ಲ’ ಅಂದಿದ್ದಾರೆ. ಡ್ಯಾಶ್‌ಬೋರ್ಡ್ ಬಿಚ್ಚಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಬಿಚ್ಚಿಸಬೇಡಿ. ಸದ್ದು ಅಲ್ಲಿ ಕೇಳಿಸುತ್ತಿದೆ, ಅಷ್ಟೇ. ಅಲ್ಲೇ ಹುಟ್ಟುತ್ತಿದೆ ಅಂತ ಇನ್ನೂ ಗೊತ್ತಾಗಿಲ್ಲ.

ನಾನು ವಿಜಯಪುರದವನು. ಗೋಲಗುಮ್ಮಟದ ಮೇಲಿನ ಗ್ಯಾಲರಿ ಹತ್ತಿದ್ದೀರಲ್ವಾ? ಈ ಕಡೆ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದರೆ, ಸುಮಾರು 38 ಮೀಟರ್ ಆಚೆ ಗೋಡೆಗೆ ಕಿವಿ ಇಟ್ಟವರಿಗೆ ಪಕ್ಕದಲ್ಲೇ ಮಾತಾಡಿದಂತೆ ಕೇಳುತ್ತದೆ. ಸದ್ದು ದುಂಡಗಿನ ಗೋಡೆ ಹಿಡಿದು ಅಲ್ಲಿಗೆ ಹೋಗಿರುತ್ತದೆ. ಕಾರಿನೊಳಗೂ ಕಿವಿಗೆ ಇಂಥದ್ದೇ ಮೋಸ ಆಗುತ್ತದೆ. ಓರೆಯಾಗಿರುವ ಮುಂದಿನ ಗಾಜು, ಗಟ್ಟಿ ಪ್ಲಾಸ್ಟಿಕ್ಕು ಸದ್ದನ್ನು ತಿರುಗಿಸಿ ಕಳಿಸುತ್ತವೆ. ಬಾಡಿಯ ತಗಡು ಒಂದು ಕಡೆಯ ನಡುಕವನ್ನು ಇನ್ನೊಂದು ಕಡೆ ಮುಟ್ಟಿಸುತ್ತದೆ. ಸ್ಟೀರಿಂಗ್ ಹಿಡಿದವರಿಗೆ ಮುಂದಿನಿಂದ ಬಂದದ್ದೆಲ್ಲ ಡ್ಯಾಶ್‌ಬೋರ್ಡಿನದ್ದೇ ಅನ್ನಿಸುತ್ತದೆ.

ನನ್ನ ಕಾರಿನಲ್ಲೂ ಹಾಗೇ ಆಯಿತು. ಗ್ಲವ್ ಬಾಕ್ಸ್ ಬಿಚ್ಚಿ ಸ್ಪಂಜ್ ಇಟ್ಟೆ, ಎಸಿ ಜಾಲರಿಗೆ ಟೇಪ್ ಹಚ್ಚಿದೆ. ಒಂದೂವರೆ ತಿಂಗಳು ಕಳೆಯಿತು, ಸದ್ದು ಹೋಗಲಿಲ್ಲ. ಒಂದು ಭಾನುವಾರ ಮನೆ ಮುಂದಿನ ಕಲ್ಲಿನ ದಾರಿಯಲ್ಲಿ ನಿಧಾನವಾಗಿ ಓಡಿಸುತ್ತಿದ್ದೆ. ಅಕ್ಕನ ಮಗ ಪಕ್ಕದಲ್ಲಿ ನಡೆದು ಬರುತ್ತಿದ್ದ. “ಮಾಮಾ, ಇದು ಒಳಗಿಂದಲ್ಲ, ಬಾನೆಟ್ ಕೆಳಗಿಂದ ಬರಾಕತ್ತೈತಿ” ಅಂದ. ಎತ್ತಿ ನೋಡಿದರೆ, ಬಾನೆಟ್ ನಿಲ್ಲಿಸುವ ರಾಡನ್ನು ಹಿಡಿದಿಡುವ ಪ್ಲಾಸ್ಟಿಕ್ ಕ್ಲಿಪ್ ಮುರಿದಿತ್ತು. ಗುಂಡಿ ಬಂದಾಗಲೆಲ್ಲ ರಾಡು ತಗಡಿಗೆ ಬಡಿಯುತ್ತಿತ್ತು. ಹೊಸ ಕ್ಲಿಪ್ಪಿಗೆ 50 ರೂಪಾಯಿಯೂ ಆಗಲಿಲ್ಲ. ಒಬ್ಬರು ಓಡಿಸಿ, ಇನ್ನೊಬ್ಬರು ಕೇಳಬೇಕು ಅಂತ ಅವತ್ತು ತಿಳಿಯಿತು. ನೀವೂ ಮನೆಯವರನ್ನೋ ಗೆಳೆಯರನ್ನೋ ಜೊತೆಗೆ ಕರೆದುಕೊಳ್ಳಿ.

ಮೊದಲು ಕಾರು ಪೂರ್ತಿ ಖಾಲಿ ಮಾಡಿ. ಗ್ಲವ್ ಬಾಕ್ಸಿನ ಚಿಲ್ಲರೆ, ಬಾಗಿಲ ಜೇಬಿನ ಬಾಟಲಿ, ಕನ್ನಡಕದ ಡಬ್ಬಿ, ಡಿಕ್ಕಿಯಲ್ಲಿರುವ ಜಾಕು, ಪಾನಾ, ಎಲ್ಲ ಹೊರಗೆ. ಸ್ಟೆಪ್ನಿಯನ್ನು ಹಿಡಿದಿರುವ ಬೋಲ್ಟ್ ಬಿಗಿಯಾಗಿದೆಯಾ ನೋಡಿ. ಖಾಲಿ ಸೀಟಿನ ಬೆಲ್ಟ್ ಬಕಲ್ಲು ಬಾಗಿಲ ಪಕ್ಕದ ಕಂಬದ ಪ್ಲಾಸ್ಟಿಕ್ಕಿಗೆ ಬಡಿಯುವುದು ತುಂಬಾ ಸಾಮಾನ್ಯ. ಹಿಂದಿನ ಸೀಟು ಸರಿಯಾಗಿ ಲಾಕ್ ಆಗದಿದ್ದರೂ ಕಟಕಟ ಅನ್ನುತ್ತದೆ. ಟೈರಿನ ಗಾಳಿಯನ್ನೂ ನೋಡಿ, ಎಷ್ಟಿರಬೇಕು ಅಂತ ಸಾಮಾನ್ಯವಾಗಿ ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕರ್ ಮೇಲೆ ಬರೆದಿರುತ್ತದೆ. ಗಾಳಿ ಜಾಸ್ತಿಯಾದರೆ ಇಡೀ ಗಾಡಿ ಗಡಗಡ ಅದುರುತ್ತದೆ.

ಆಮೇಲೆ ಸದ್ದು ಯಾವಾಗ ಬರುತ್ತದೆ ಅಂತ ಬರೆದಿಟ್ಟುಕೊಳ್ಳಿ. ಸುಮ್ನೆ ‘ಸದ್ದು ಬರುತ್ತೆ’ ಅಂದರೆ ಯಾವ ಮೆಕ್ಯಾನಿಕ್ಕಿಗೂ ಸಿಗುವುದಿಲ್ಲ. ನಿಂತಲ್ಲೇ ಆಕ್ಸಲರೇಟರ್ ಒತ್ತಿದಾಗ ಬಂದರೆ ಎಂಜಿನ್ ಕಡೆ ಅಥವಾ ಸೈಲೆನ್ಸರ್ ಮೇಲಿನ ತಗಡು ನೋಡಿ. ಬ್ರೇಕ್ ಮುಟ್ಟಿದ ಕೂಡಲೇ ನಿಂತರೆ ಬ್ರೇಕ್ ಪ್ಯಾಡ್ ಕಡೆ ನೋಡಿ. ಸಣ್ಣ ಸಣ್ಣ ಗುಂಡಿಯಲ್ಲಿ, ನಿಧಾನಕ್ಕೆ ಹೋಗುವಾಗ ಖಟ್ ಖಟ್ ಅಂದರೆ ಚಕ್ರದ ಸಸ್ಪೆನ್ಷನ್ನಿನ ಲಿಂಕ್ ರಾಡ್ ಅಥವಾ ಅದರ ರಬ್ಬರ್ ಬುಷ್ ಸವೆದಿರಬಹುದು. ಅದರ ಜೊತೆ ಸ್ಟೀರಿಂಗ್ ಒಂದು ಕಡೆ ಎಳೆಯುತ್ತಿದ್ದರೆ ಅವತ್ತೇ ಮೆಕ್ಯಾನಿಕ್ ಹತ್ತಿರ ಹೋಗಿ, ಕಾಯಬೇಡಿ.

ನಿಮ್ಮ ದಾರಿಯೇ ಒಳ್ಳೆಯ ಪರೀಕ್ಷೆ. ಕೊಲ್ಹಾರದ ಹತ್ತಿರ ಕೃಷ್ಣೆಯ ಹಿನ್ನೀರಿನ ಮೇಲಿನ ಉದ್ದ ಸೇತುವೆಯಲ್ಲಿ ಜೋಡಣೆಗಳ ಮೇಲೆ ಚಕ್ರ ಹತ್ತಿ ಇಳಿಯುತ್ತದೆ. ಆ ಪ್ರತಿ ಹೊಡೆತಕ್ಕೂ ಕಟ್ ಅಂದರೆ ಎರಡು ಗಟ್ಟಿ ವಸ್ತುಗಳ ನಡುವೆ ಸಂದು ಇದೆ, ಬಡಿಯುತ್ತಿವೆ ಅಂತ ಅರ್ಥ. ಇನ್ನು ನಮ್ಮ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಮೇಲಿನ ರಸ್ತೆ ಅಲೆಅಲೆಯಾಗುತ್ತದೆ. ಅಂಥ ಕಡೆ ಗಾಡಿ ಓಲಾಡುವಾಗ ಕಿರ್ ಕಿರ್ ಅಂದರೆ ಎರಡು ಮೈ ಉಜ್ಜಿಕೊಳ್ಳುತ್ತಿವೆ. ಬಡಿಯುವುದಕ್ಕೂ ಉಜ್ಜುವುದಕ್ಕೂ ಮದ್ದು ಬೇರೆ ಬೇರೆ.

ಹೊತ್ತನ್ನೂ ಗಮನಿಸಿ. ಬೇಸಿಗೆಯಲ್ಲಿ ನಮ್ಮಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ, ಮುಚ್ಚಿ ನಿಲ್ಲಿಸಿದ ಕಾರಿನೊಳಗೆ ಅದಕ್ಕಿಂತ ಜಾಸ್ತಿ. ಪ್ಲಾಸ್ಟಿಕ್ಕು ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಹಾಗಾಗಿ ಬೆಳಿಗ್ಗೆ ಬರುವ ಸದ್ದು ಮಧ್ಯಾಹ್ನ ಇರುವುದಿಲ್ಲ, ಅಥವಾ ಅದಲುಬದಲು. ನಿಮ್ಮ ಗ್ಯಾರೇಜಿನವರಿಗೆ ಸಿಗದೆ ಹೋಗಿದ್ದಕ್ಕೆ ಇದೂ ಕಾರಣ ಇರಬಹುದು. ಸದ್ದು ಬರುವ ಹೊತ್ತಿಗೇ, ಅದು ಬರುವ ರಸ್ತೆಗೇ ಅವರನ್ನು ಕೂರಿಸಿಕೊಂಡು ಹೋಗಿ.

ವಾಹನ ಇಲ್ಲದ ಒಂದು ಕೆಟ್ಟ ರಸ್ತೆ ಆರಿಸಿ. ಕಿಟಕಿ ಏರಿಸಿ, ಎಸಿ ಮತ್ತು ಹಾಡು ನಿಲ್ಲಿಸಿ, 20ರಿಂದ 30 ಕಿಲೋಮೀಟರ್ ವೇಗದಲ್ಲಿ ಗೆಳೆಯರು ಓಡಿಸಲಿ. ನೀವು ಬೆಲ್ಟ್ ಹಾಕಿಕೊಂಡು ಮೊದಲು ಎಡ ಸೀಟಿನಲ್ಲಿ, ಆಮೇಲೆ ಹಿಂದೆ ಕೂತು ಒಂದೊಂದೇ ಜಾಗ ಅಂಗೈಯಿಂದ ಒತ್ತಿ. ಎಲ್ಲಿ ಒತ್ತಿದಾಗ ಸದ್ದು ನಿಲ್ಲುತ್ತದೋ ಅದರ ಆಸುಪಾಸಿನಲ್ಲೇ ಕಾರಣ ಇರುತ್ತದೆ. ಕೈಗೆ ಸಿಗದಿದ್ದರೆ ಸಂದುಗಳಿಗೆ ಪೇಪರ್ ಟೇಪ್ ಹಚ್ಚಿ, ಒಂದು ಸಲಕ್ಕೆ ಒಂದೇ ಜಾಗಕ್ಕೆ. ಮೂರು ಕಡೆ ಒಟ್ಟಿಗೆ ಹಚ್ಚಿದರೆ ಯಾವುದರಿಂದ ನಿಂತಿತು ಅಂತ ತಿಳಿಯುವುದಿಲ್ಲ. ಬಾಗಿಲ ಮೇಲೆ ಅನುಮಾನ ಇದ್ದರೆ, ನಿಂತ ಕಾರಿನಲ್ಲಿ ಬೇಸ್ ಜಾಸ್ತಿ ಇರುವ ಹಾಡು ಹಾಕಿ. ಸಡಿಲ ಪ್ಯಾನಲ್ ತಾನಾಗಿ ಝರ್ ಅನ್ನುತ್ತದೆ. ಬಾಗಿಲ ಗಾಜು ರಿಪೇರಿ ಆಗಿದ್ದರೆ ಒಳಗಿನ ಕ್ಲಿಪ್ ಮುರಿದಿರುವ ಸಾಧ್ಯತೆ ಹೆಚ್ಚು.

ಬಡಿಯುವ ಕಡೆ ಫೆಲ್ಟ್ ಟೇಪ್ ಅಥವಾ ತೆಳು ಫೋಮ್ ಸಾಕು. ಬಾಗಿಲ ರಬ್ಬರ್ ಕಿರ್ ಅಂದರೆ ಒರೆಸಿ ಸಿಲಿಕೋನ್ ಸ್ಪ್ರೇ ಹಚ್ಚಿ. ಎಂಜಿನ್ ಆಯಿಲ್, ಗ್ರೀಸ್ ಬೇಡ, ರಬ್ಬರ್ ಉಬ್ಬಿ ಕೆಡುತ್ತದೆ. ಏರ್‌ಬ್ಯಾಗ್ ಅಂತ ಬರೆದಿರುವ ಯಾವ ಜಾಗವನ್ನೂ ನೀವೇ ಬಿಚ್ಚಬೇಡಿ, ಅಲ್ಲಿ ಸ್ಪಂಜ್ ತುರುಕಲೂಬೇಡಿ. ಎಡ ಸೀಟಿಗೂ ಏರ್‌ಬ್ಯಾಗ್ ಇರುವ ಕಾರಾದರೆ ಎಡಗಡೆ ಡ್ಯಾಶ್‌ಬೋರ್ಡಿನ ಮೇಲ್ಭಾಗವೂ ಅದರಲ್ಲಿ ಬರುತ್ತದೆ.

ನಾಳೆ ಬೆಳಿಗ್ಗೆ ಹೊರಡುವ ಮುಂಚೆ ಬಾನೆಟ್ ಎತ್ತಿ ಆ ರಾಡನ್ನು ಅಲ್ಲಾಡಿಸಿ ನೋಡಿ. ಸಡಿಲ ಇದ್ದರೆ, ಕ್ಲಿಪ್ ಸಿಗುವ ತನಕ ಸೈಕಲ್ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಕಟ್ಟಿ. ಅದರ ತುದಿ ಫ್ಯಾನಿಗೂ ಬೆಲ್ಟಿಗೂ ತಾಗದಂತಿರಲಿ. ರಾಡು ಬಿಗಿಯಾಗಿಯೇ ಇದ್ದರೆ ಸದ್ದು ಯಾವ ಹೊತ್ತಿಗೆ, ಯಾವ ರಸ್ತೆಯಲ್ಲಿ, ಎಷ್ಟು ವೇಗದಲ್ಲಿ ಬರುತ್ತದೆ ಅಂತ ಇಲ್ಲಿ ಬರೆಯಿರಿ, ಮುಂದೆ ಎಲ್ಲಿ ನೋಡಬೇಕು ಅಂತ ಹೇಳುತ್ತೇನೆ.